ಬಂದಿತು, ಬರುವುದು, ಬಂದೀತು, ಬಾರದು

ಮುಂಗಾರಿನ ಬಿತ್ತನೆಗೂ ಕಾಲೇಜುಗಳ ಪ್ರವೇಶಕ್ಕೂ ನಮ್ಮ ಸೀಮೆಯಲ್ಲಿ ಕಾಲವೊಂದೇ. ಚಿಗಟೇರಿಯ ಸುತ್ತಣ ಬೆದ್ದಲು ಹೊಲಗಳಿಗೆ ಬೀಜ, ಗೊಬ್ಬರಗಳನ್ನು ಒದಗಿಸಬೇಕಾದ ದಿನಗಳಲ್ಲಿಯೇ, ಮಗನೋ ಮಗಳೋ ಪಿ.ಯು.ಸಿ. ಮುಗಿಸಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಯಾವ ಊರು, ಯಾವ ಕಾಲೇಜು ಎಂಬ ಪ್ರಶ್ನೆಯನ್ನು ಪಡಸಾಲೆಗೆ ತಂದಿಡುವರು. ಕಾಲೇಜಿನ ಕೀರ್ತಿ, ಅಧ್ಯಾಪಕರ ಯೋಗ್ಯತೆ, ಮುಂದೆ ದೊರೆಯಬಹುದಾದ ಉದ್ಯೋಗ ಇವುಗಳನ್ನು ಕುರಿತು ಉಪದೇಶಿಸುವವರು ಅನೇಕರುಂಟು. ಹಣದ ವಿಚಾರವನ್ನು, ಅದರಲ್ಲಿಯೂ ಇನ್ನೂ ಕೈಸೇರದ ಹಣದ ವಿಚಾರವನ್ನು, ಬಿಡಿಸಿ ಹೇಳುವವರು ವಿರಳ. ಆದುದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿರುವೆನು.

ಈಚೆಗೆ ನಮ್ಮೂರ ಗೃಹಸ್ಥರೊಬ್ಬರು ಕೇಳಿದ ಮಾತಿನಲ್ಲಿ ಈ ಪ್ರಶ್ನೆಯ ಸಾರವೆಲ್ಲ ಅಡಗಿದೆ. ಅವರ ಮಗಳಿಗೆ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೀಟು ದೊರೆಯುವಂತಿತ್ತು. ಬೆಂಗಳೂರಿನ ಹೆಸರಾಂತ ಕಾಲೇಜೊಂದರ ಸೀಟೂ ಎಟುಕುವಂತಿತ್ತು. ಬೆಂಗಳೂರಿನ ವೆಚ್ಚವಾದರೋ ಇಮ್ಮಡಿ. “ಮೇಷ್ಟ್ರೇ, ಸ್ಕಾಲರ್‌ಶಿಪ್ ಬರ್ತೈತಿ ಅಂತ ಎಲ್ಲಾರೂ ಹೇಳ್ತಾರ. ಎಷ್ಟು ಬರ್ತೈತಿ, ಯಾವಾಗ ಬರ್ತೈತಿ ಅಂದ್ರ ಯಾರೂ ಬಾಯಿ ಬಿಡಂಗಿಲ್ಲ. ನಾನು ಯಾವುದನ್ನ ನಂಬಿ ಹೂಂ ಅನ್ಲಿ?” ಎಂದರು. ಈ ಪ್ರಶ್ನೆ ಅವರೊಬ್ಬರದಲ್ಲ. ನಾಡಿನ ಸಹಸ್ರಾರು ಮನೆಗಳದು.

ಕನ್ನಡ ವ್ಯಾಕರಣವನ್ನು ಕಲಿಸುವಾಗ “ಬಂದಿತು” ಎಂಬುದು ಭೂತಕಾಲ, “ಬರುವುದು” ಎಂಬುದು ಭವಿಷ್ಯತ್ಕಾಲ, “ಬಂದೀತು” ಎಂಬುದು ಸಂಭಾವನಾರ್ಥ, “ಬಾರದು” ಎಂಬುದು ನಿಷೇಧಾರ್ಥ ಎಂದು ಮಕ್ಕಳಿಗೆ ಹೇಳಿಕೊಡುವೆವು. ಸ್ಕಾಲರ್‌ಶಿಪ್ ಎಂಬ ಒಂದೇ ಹೆಸರಿನ ಕೆಳಗೆ ಈ ನಾಲ್ಕು ಬಗೆಯ ಹಣವೂ ಬೆರೆತುಹೋಗಿರುವುದೇ ಗೃಹಸ್ಥರ ಕ್ಲೇಶಕ್ಕೆ ಮೂಲ. ಅವುಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡರೆ ಅರ್ಧ ಸಂದೇಹ ಅಲ್ಲಿಯೇ ಪರಿಹಾರವಾಗುವುದು.

ಪರರ ನೆರವಿನಿಂದ ಓದುವುದು ಅವಮಾನವೆಂದು ಯಾರೂ ಭಾವಿಸತಕ್ಕದ್ದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠ ಹೇಳಿ ದಿನ ಕಳೆದರು. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದಲೇ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, 1883ರಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾದರು. ಆದರೆ ನೆರವಿಗೆ ಕಾಲಮಿತಿಯೂ ಕರಾರೂ ಇರುವುವೆಂಬುದಕ್ಕೆ ಡಾ. ಅಂಬೇಡ್ಕರರ ಚರಿತ್ರೆಯೇ ಸಾಕ್ಷಿ. 1913ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾಯರ ವಿದ್ಯಾರ್ಥಿವೇತನದಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಓದು ಮುಗಿದ ಮೇಲೆ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದುತ್ತಿರುವಾಗ ವೇತನದ ಅವಧಿ ತೀರಿ, 1917ರಲ್ಲಿ ವ್ಯಾಸಂಗವನ್ನು ಅರ್ಧದಲ್ಲಿಯೇ ಬಿಟ್ಟು ಮರಳಬೇಕಾಯಿತು. ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿ ದುಡಿದು, ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು, 1920ರಲ್ಲಿ ಪುನಃ ಲಂಡನ್ನಿಗೆ ಹೋಗಿ ಆ ಓದನ್ನು ಪೂರೈಸಿದರು. ಅಂತಹ ಮೇಧಾವಿಯನ್ನೂ ಹಣದ ಅವಧಿ ಮೂರು ವರ್ಷ ತಡೆದು ನಿಲ್ಲಿಸಿತು.

ನಮ್ಮ ಹಿರಿಯರಲ್ಲಿ ಬಡ ಹುಡುಗರು ಪಟ್ಟಣಗಳಲ್ಲಿ ವಾರಾನ್ನ ಮಾಡಿ ಓದುತ್ತಿದ್ದರು. ವಾರಾನ್ನದ ಹುಡುಗನಿಗೆ ಏಳು ದಿನಕ್ಕೆ ಏಳು ಮನೆ ಬೇಕು. ಐದು ಮನೆಯವರು ಒಪ್ಪಿ, ಎರಡು ಮನೆಯವರು “ನೋಡೋಣ” ಎಂದರೆ, ವಾರದಲ್ಲಿ ಎರಡು ದಿನ ಉಪವಾಸವೆಂದೇ ಲೆಕ್ಕ. “ನೋಡೋಣ” ಎಂದವರ ಮನೆಯ ಅನ್ನವನ್ನು ಉಂಡ ಅನ್ನದೊಡನೆ ಎಣಿಸುವಷ್ಟು ಅವಿವೇಕ ಹಸಿದ ಹುಡುಗನಿಗೆ ಇರುತ್ತಿರಲಿಲ್ಲ. ಈಗಿನ ಲೆಕ್ಕದಲ್ಲಿ ತಪ್ಪುವುದು ಅಲ್ಲಿಯೇ.

ಇನ್ನು ಒಂದೊಂದು ಸಾಲನ್ನೂ ನೋಡುವ. “ಬಂದಿತು” ಎಂಬ ಸಾಲಿನಲ್ಲಿ, ಪ್ರವೇಶದ ದಿನವೇ ನಾವು ತೆರಬೇಕಾದ ಹಣವನ್ನು ಕಡಿಮೆ ಮಾಡುವುದನ್ನು ಮಾತ್ರ ಬರೆಯತಕ್ಕದ್ದು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕವಿಲ್ಲ. ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಕುಟುಂಬದ ಮಕ್ಕಳಿಗೆ ಅವು ಮೀಸಲು. ನಮ್ಮ ರಾಜ್ಯದಲ್ಲಿ ಇವುಗಳನ್ನು ಎಸ್.ಎನ್.ಕ್ಯೂ. ಸೀಟುಗಳೆನ್ನುವರು. ಐ.ಐ.ಟಿ.ಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ಣವಾಗಿ ಮಾಫಿ. ಇತರರಲ್ಲಿ ಕುಟುಂಬದ ಆದಾಯ 1 ಲಕ್ಷಕ್ಕೆ ಕಡಿಮೆಯಿದ್ದರೆ ಪೂರ್ಣವಾಗಿಯೂ, 1ರಿಂದ 5 ಲಕ್ಷದವರೆಗೆ ಇದ್ದರೆ ಮೂರರಲ್ಲಿ ಎರಡು ಭಾಗವೂ ಮಾಫಿ. ವಿದ್ಯಾರ್ಥಿನಿಲಯದಲ್ಲಿ ಸ್ಥಾನ ಕೊಟ್ಟ ಆಜ್ಞಾಪತ್ರ ಕೈಯಲ್ಲಿದ್ದರೆ ಅದೂ ಈ ಸಾಲಿಗೆ ಸೇರುವುದು. ಅರ್ಜಿ ಮಾತ್ರ ಹಾಕಿದ್ದರೆ ಸೇರದು.

“ಬರುವುದು” ಎಂಬ ಸಾಲಿನಲ್ಲಿ, ಅರ್ಹರೆಲ್ಲರಿಗೂ ಸಲ್ಲತಕ್ಕ, ಆದರೆ ಕಾಲ ನಿಶ್ಚಯವಿಲ್ಲದ ಹಣವನ್ನು ಬರೆಯತಕ್ಕದ್ದು. ವಾರ್ಷಿಕ ಆದಾಯ 2.5 ಲಕ್ಷದೊಳಗಿನ ಪರಿಶಿಷ್ಟ ಜಾತಿಯ ಕುಟುಂಬಗಳ ಮಕ್ಕಳಿಗಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಇಂತಹುದು. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇದರ ವೆಚ್ಚವನ್ನು ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂದು ಹಂಚಿ, ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಸೇರುವಂತೆ ಏರ್ಪಡಿಸಿತು. ಇದರಲ್ಲಿ ಒಂದು ಸೂಕ್ಷ್ಮವುಂಟು: ಖಾತೆಗೆ ಬಂದ ಹಣದಲ್ಲಿ ಕಾಲೇಜಿನ ಶುಲ್ಕವೂ ಸೇರಿರುವುದು, ಅದು ಮನೆಯ ಹಣವಲ್ಲ, ಕೂಡಲೇ ಕಾಲೇಜಿಗೆ ಸಲ್ಲಿಸಬೇಕಾದುದು. ರೈತರ ಮಕ್ಕಳಿಗಾಗಿ 2021ರಲ್ಲಿ ರಾಜ್ಯದಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಇಂಜಿನಿಯರಿಂಗ್, ವೈದ್ಯಕೀಯ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ; ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವವರಿಗೆ ಕ್ರಮವಾಗಿ 5,000 ಮತ್ತು 5,500 ಎಂದು ನಿಗದಿಯಾಯಿತು. ಈ ಬಗೆಯ ಹಣ ಶುಲ್ಕ ಕಟ್ಟುವ ದಿನ ಒದಗುವುದಿಲ್ಲ. ಕೆಲವೊಮ್ಮೆ ವರ್ಷ ಕಳೆದ ಮೇಲೆ ಬರುವುದುಂಟು. ಆದಕಾರಣ ಇದರಿಂದ ಸಾಲ ತೀರಿಸಬಹುದೇ ಹೊರತು ಸೀಟು ಹಿಡಿಯಲಾಗದು.

“ಬಂದೀತು” ಎಂಬ ಸಾಲಿನಲ್ಲಿ, ಅನೇಕರಲ್ಲಿ ಕೆಲವರನ್ನು ಆರಿಸಿ ಕೊಡುವ ಹಣ. ವಿದ್ಯಾರ್ಥಿನಿಲಯ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಯ ಬಾಬ್ತು ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವುದೆಂದು ವಿದ್ಯಾಸಿರಿ 2013ರಲ್ಲಿ ಆರಂಭವಾಯಿತು. ಅರ್ಜಿ ಹಾಕಿದವರೆಲ್ಲರಿಗೂ ಅದು ಸಿಕ್ಕುವುದಿಲ್ಲ. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಆದರೆ ಮೊದಲು ಕಾಲೇಜಿಗೆ ಸೇರಿರಬೇಕು, ಅನಂತರ ಅರ್ಜಿ. ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ವರ್ಷಕ್ಕೆ 12,000ದ ವೇತನವು ಮುಂದಿನ ವರ್ಷವೂ ಬರಬೇಕಾದರೆ ಶೇಕಡ 50 ಅಂಕವೂ 75 ಹಾಜರಿಯೂ ಇರಬೇಕು. ಕಾಲೇಜಿನವರು ಬಾಯಿಮಾತಿನಲ್ಲಿ ಹೇಳುವ ರಿಯಾಯಿತಿ, ಪರಿಚಿತರು ಕೊಡಿಸುವೆವೆಂದ ಧರ್ಮಸಂಸ್ಥೆಯ ನೆರವು, ಇವೆಲ್ಲವೂ ಇಲ್ಲಿಯೇ ಬರೆಯತಕ್ಕವು. ಅರ್ಜಿಯನ್ನು ಎಲ್ಲಕ್ಕೂ ಹಾಕಬೇಕು. ಲೆಕ್ಕದಲ್ಲಿ ಮಾತ್ರ ಇದರ ಬೆಲೆ ಸೊನ್ನೆ.

“ಬಾರದು” ಎಂಬ ಸಾಲು ಚಿಕ್ಕದು. ಅದನ್ನು ಮರೆತವರಿಗೆ ಆಗುವ ನಷ್ಟ ದೊಡ್ಡದು. ಮೇಲೆ ಹೇಳಿದ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನವು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಸಲ್ಲದು. ಮಧ್ಯವರ್ತಿಯೊಬ್ಬನು “ಸೀಟು ನಾನು ಕೊಡಿಸುವೆ, ಸ್ಕಾಲರ್‌ಶಿಪ್ ತಾನಾಗಿ ಬರುವುದು” ಎಂದರೆ, ಸೀಟು ಯಾವ ಕೋಟಾದ್ದೆಂದು ಮೊದಲು ಕೇಳಬೇಕು. ಹರಪನಹಳ್ಳಿ ತಾಲ್ಲೂಕಿನವರಾದ ನಾವು ಮತ್ತೊಂದನ್ನು ನೆನಪಿನಲ್ಲಿಡಬೇಕು. ಸಂವಿಧಾನದ 371 ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಪ್ರದೇಶದ ಕಾಲೇಜುಗಳಲ್ಲಿ ಶೇಕಡ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8 ಸ್ಥಾನಗಳು ಮೀಸಲಾಗಿವೆ. ಇದು ದೊಡ್ಡ ಸೌಲಭ್ಯವೇ ಸರಿ. ಆದರೆ ಅದು ಕೊಡುವುದು ಸೀಟನ್ನು, ಶುಲ್ಕವನ್ನಲ್ಲ.

ಈಗ ಆ ಗೃಹಸ್ಥರ ಲೆಕ್ಕವನ್ನು, ಗಣಿತದ ಸೌಕರ್ಯಕ್ಕಾಗಿ ಅಂಕಿಗಳನ್ನು ಸರಳಗೊಳಿಸಿ, ಮಾಡಿ ನೋಡೋಣ. ದಾವಣಗೆರೆಯಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 1,00,000, ಬೆಂಗಳೂರಿನಲ್ಲಿ 2,00,000. ಮನೆಯವರು ವರ್ಷಕ್ಕೆ ನಿಶ್ಚಯವಾಗಿ ಕೊಡಬಲ್ಲುದು 75,000. ಬೆಂಗಳೂರಿನಲ್ಲಿ ಒಂದು ಧರ್ಮಸಂಸ್ಥೆಯಿಂದ 60,000, ಉಚಿತ ವಿದ್ಯಾರ್ಥಿನಿಲಯ ದೊರೆತರೆ 50,000ದ ಉಳಿತಾಯ ಎಂದು ಬಂಧುಗಳು ಹೇಳಿದ್ದರು. ಅವರ ಲೆಕ್ಕದಲ್ಲಿ ಬೆಂಗಳೂರಿಗೆ ಉಳಿಯುವುದು 90,000 ಮಾತ್ರ. ಕಾಗದದ ಮೇಲೆ ಬೆಂಗಳೂರೇ ಅಗ್ಗ! ಆದರೆ ಆ 1,10,000ವೂ “ಬಂದೀತು” ಎಂಬ ಸಾಲಿನದು. ಅದನ್ನು ಸೊನ್ನೆಯೆಂದೆಣಿಸಿದರೆ ಪ್ರತಿವರ್ಷದ ಕೊರತೆ ದಾವಣಗೆರೆಯಲ್ಲಿ 25,000, ಬೆಂಗಳೂರಿನಲ್ಲಿ 1,25,000. ನಾಲ್ಕು ವರ್ಷಕ್ಕೆ ಕ್ರಮವಾಗಿ 1 ಲಕ್ಷ, 5 ಲಕ್ಷ. ಸರ್ಕಾರದಿಂದ “ಬರುವುದು” ಎಂಬ ಹಣ ವರ್ಷಕ್ಕೆ 20,000ದಷ್ಟು ಇದ್ದೀತು. ಅದು ವಿದ್ಯಾರ್ಥಿಯೊಡನೆ ಎರಡೂ ಊರಿಗೆ ಹೋಗುವುದರಿಂದ ತುಲನೆಯಲ್ಲಿ ವ್ಯತ್ಯಾಸ ಮಾಡದು. ಆದರೆ ತಡವಾಗಿ ಬಂದರೂ ದಾವಣಗೆರೆಯ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು. ಬೆಂಗಳೂರಿನ ಕೊರತೆಯಲ್ಲಿ ಒಂದು ಮೂಲೆಗೂ ಸಾಲದು.

ಹೀಗೆಂದ ಮಾತ್ರಕ್ಕೆ ಹತ್ತಿರದ ಕಾಲೇಜೇ ಸದಾ ಶ್ರೇಷ್ಠವೆಂದು ಹೇಳಿದಂತಲ್ಲ. ಅದೇ ಬೆಂಗಳೂರಿನ ಸೀಟು ಎಸ್.ಎನ್.ಕ್ಯೂ. ಆಗಿ ದೊರೆತು, ಬೋಧನಾ ಶುಲ್ಕ ತಪ್ಪಿ, ವಿದ್ಯಾರ್ಥಿನಿಲಯದ ಪತ್ರವೂ ಕೈಸೇರಿದರೆ, ಆ ಹಣ “ಬಂದೀತು” ಎಂಬುದರಿಂದ “ಬಂದಿತು” ಎಂಬಲ್ಲಿಗೆ ಏರುವುದು. ಆಗ ಹೋಗದೆ ಉಳಿಯುವುದೇ ತಪ್ಪಾದೀತು. ನಿರ್ಣಯವು ಊರಿನ ದೂರದಿಂದ ಆಗತಕ್ಕದ್ದಲ್ಲ, ಹಣದ ನಿಶ್ಚಯದಿಂದ ಆಗತಕ್ಕದ್ದು.

ಈ ಲೆಕ್ಕವನ್ನು ಯಾವಾಗ ಮಾಡಬೇಕೆಂಬುದು ಮುಖ್ಯ. ಅನೇಕರು ಸೀಟು ಹಂಚಿಕೆಯಾದ ಮೇಲೆ ಹಣವನ್ನು ಕುರಿತು ಯೋಚಿಸುವರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪದ್ಧತಿಯಲ್ಲಿ ಅದು ತಡವಾಯಿತೆಂದೇ ಅರ್ಥ. ಅಲ್ಲಿ ವಿದ್ಯಾರ್ಥಿಯು ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಮೊದಲೇ ಬರೆದುಕೊಡಬೇಕು. ಸೀಟು ಹಂಚಿಕೆಯಾದ ಮೇಲೆ ನಾಲ್ಕು ದಾರಿಗಳು: ಒಪ್ಪಿ ಸೇರುವುದು ಒಂದು; ಒಪ್ಪಿಕೊಂಡು ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಕಾಯುವುದು ಎರಡು; ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರು; ಪೂರ್ತಿ ಹೊರಬರುವುದು ನಾಲ್ಕು. ಎರಡನೆಯದನ್ನು ಹಿಡಿದವರಿಗೆ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಕಾಲೇಜು ದೊರೆತರೆ, ಮೊದಲಿನ ಸೀಟು ತಾನಾಗಿಯೇ ಹೋಗುವುದು. ಶುಲ್ಕ ತೆರಲಾಗದ ಕಾಲೇಜನ್ನು “ಇರಲಿ ನೋಡೋಣ” ಎಂದು ಮೇಲೆ ಬರೆದವರು ಈ ರೀತಿಯಲ್ಲಿ, ತೆರಬಲ್ಲ ಸೀಟನ್ನೂ ಕಳೆದುಕೊಳ್ಳುವರು. ಆದುದರಿಂದ ಪಟ್ಟಿಯಲ್ಲಿ ಮೇಲೆ ಬರೆಯುವ ಪ್ರತಿಯೊಂದು ಹೆಸರಿಗೂ “ನಾಳೆಯೇ ಸಿಕ್ಕಿದರೆ ಶುಲ್ಕ ಎಲ್ಲಿಂದ?” ಎಂದು ಕೇಳಿಕೊಂಡೇ ಬರೆಯತಕ್ಕದ್ದು. ನಮ್ಮ ಗೃಹಸ್ಥರೂ ಮಗಳೂ ಕೂಡಿ ಕುಳಿತು ದಾವಣಗೆರೆಯನ್ನು ಮೇಲಕ್ಕೆ ತಂದರು. ಹಣ ಕಟ್ಟುವ ನಿಯಮಗಳು ವರ್ಷ ವರ್ಷವೂ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಬೇಕು.

ಗಡುವಿನ ಕಾಠಿಣ್ಯಕ್ಕೆ ಈಚಿನ ಒಂದು ನಿದರ್ಶನವನ್ನು ಹೇಳುವೆನು. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಧನಬಾದಿನ ಐ.ಐ.ಟಿ.ಯಲ್ಲಿ ಸೀಟು ದೊರೆಯಿತು. ಜೂನ್ 24ರ ಸಂಜೆ 5 ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕಾಗಿತ್ತು. ಹಣ ಕೂಡಿಸುವುದರಲ್ಲಿ ಹೊತ್ತು ಮೀರಿ ಸೀಟು ತಪ್ಪಿಹೋಯಿತು. ಮೂರು ತಿಂಗಳ ಅಲೆದಾಟದ ಮೇಲೆ, ಸೆಪ್ಟೆಂಬರ್ 30ರಂದು, ಸರ್ವೋಚ್ಚ ನ್ಯಾಯಾಲಯವು ತನ್ನ ವಿಶೇಷಾಧಿಕಾರವನ್ನು ಬಳಸಿ ಅವನಿಗೆ ಸ್ಥಾನ ಕೊಡಬೇಕೆಂದು ಆಜ್ಞಾಪಿಸಿತು. ಆ ಬಾಲಕನಿಗೆ ನ್ಯಾಯ ದೊರೆತುದು ಸಂತೋಷವೇ. ಆದರೆ ಪ್ರತಿಯೊಂದು ಮನೆಯವರೂ ದೆಹಲಿಯ ನ್ಯಾಯಾಲಯವನ್ನು ಮುಟ್ಟಲಾರರು. ಪ್ರವೇಶದ ಮೊದಲ ಕಂತು ಫಲಿತಾಂಶಕ್ಕೆ ಮೊದಲೇ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿರಬೇಕು. ಬೀಜ ಗೊಬ್ಬರದ ಹಣದೊಡನೆ ಅದನ್ನು ಬೆರೆಸಬಾರದು.

ಕೊರತೆ ಉಳಿದಲ್ಲಿ ಸಾಲ. ಖಾಸಗಿ ಬಡ್ಡಿಗೆ ಹೊಲವನ್ನೋ ಹೆಂಡತಿಯ ಒಡವೆಯನ್ನೋ ಒತ್ತೆಯಿಡುವ ಮುನ್ನ ಬ್ಯಾಂಕಿನ ಶಿಕ್ಷಣ ಸಾಲವನ್ನು ವಿಚಾರಿಸಬೇಕು. ಓದಿನ ಅವಧಿಯೂ ಅದರ ಮೇಲೊಂದು ವರ್ಷವೂ ಕಂತಿಲ್ಲದಿರುವುದು ಇದರ ವಾಡಿಕೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಒತ್ತೆಯಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುವುದು. ಆದಾಯ 8 ಲಕ್ಷದೊಳಗಿದ್ದು ಬೇರೆ ನೆರವು ಪಡೆಯದವರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಕಾಲದಲ್ಲಿ ಶೇಕಡ 3ರ ಬಡ್ಡಿ ಸಹಾಯ. ನಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ತೀರಿಸುವ ಭಾರವನ್ನೂ ಅಂಕಿಯಲ್ಲಿಯೇ ತಿಳಿಯಬೇಕು: ಶೇಕಡ 10ರ ಬಡ್ಡಿಯಲ್ಲಿ 5 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,600 ರೂಪಾಯಿ, 1 ಲಕ್ಷಕ್ಕಾದರೆ 1,320ರಷ್ಟು. ಓದಿನ ಕಾಲದಲ್ಲಿ ಬೆಳೆದ ಬಡ್ಡಿ ಇದರ ಮೇಲೆ.

“ಬರುವುದು” ಎಂಬ ಹಣ ಬೇಗ ಬರುವಂತೆ ಮಾಡುವುದರಲ್ಲಿ ನಮ್ಮ ಕೈಯಲ್ಲಿರುವ ಕೆಲಸವೂ ಉಂಟು. ಅಂಕಪಟ್ಟಿಯಲ್ಲೊಂದು ಹೆಸರು, ಆಧಾರಿನಲ್ಲೊಂದು ಹೆಸರು ಇದ್ದರೆ ಅರ್ಜಿ ಅಲ್ಲಿಯೇ ನಿಲ್ಲುವುದು. ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿದ್ದು ಆಧಾರಿಗೆ ಜೋಡಣೆಯಾಗಿರಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆಗಳು ಸಿದ್ಧವಿರಬೇಕು. ಇವುಗಳನ್ನು ಪಿ.ಯು.ಸಿ. ಎರಡನೆಯ ವರ್ಷದ ದಸರಾ ರಜೆಯಲ್ಲಿ ಮುಗಿಸಿದ ಮನೆಯವರು ಜೂನ್ ತಿಂಗಳಲ್ಲಿ ಹರಪನಹಳ್ಳಿಗೆ ಹತ್ತು ಸಲ ತಿರುಗಬೇಕಾಗದು. ಕಾಲೇಜಿನವರು ಹೇಳಿದ ರಿಯಾಯಿತಿಯನ್ನು ಬರವಣಿಗೆಯಲ್ಲಿ ಪಡೆಯುವುದೂ ನಮ್ಮ ಕೆಲಸವೇ. ಅದು ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಎಷ್ಟು ಅಂಕಕ್ಕೆ ಇಳಿದರೆ ನಿಲ್ಲುವುದು, ಶುಲ್ಕದಲ್ಲಿಯೇ ಕಳೆಯುವರೋ ಆಮೇಲೆ ಕೊಡುವರೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಅದರಲ್ಲಿರಬೇಕು.

ಕಡೆಯದಾಗಿ ಹೆಣ್ಣುಮಕ್ಕಳ ವಿಷಯ. ಹಣ ಅನಿಶ್ಚಿತವಾದಾಗ ಅನೇಕ ಮನೆಗಳಲ್ಲಿ ಆ ಅನಿಶ್ಚಯವನ್ನು ಮಗಳ ಪಾಲಿಗೆ ಹಾಕುವರು, ಮಗನಿಗಾದರೆ ಸಾಲ, ಮಗಳಿಗಾದರೆ “ಸ್ಕಾಲರ್‌ಶಿಪ್ ಬಂದರೆ ನೋಡೋಣ.” ಇದು ಲೆಕ್ಕವಲ್ಲ, ಲೆಕ್ಕದ ವೇಷ ತೊಟ್ಟ ಪಕ್ಷಪಾತ. ನಾಲ್ಕು ಸಾಲಿನ ಪಟ್ಟಿಯನ್ನು ಇಬ್ಬರಿಗೂ ಒಂದೇ ಬಗೆಯಾಗಿ ಬರೆಯತಕ್ಕದ್ದು. ಬರೆಯುವಾಗ ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳತಕ್ಕದ್ದು. ಮನೆಯ ನಿಜಸ್ಥಿತಿಯನ್ನು ಬಲ್ಲ ಮಕ್ಕಳು ಕುಗ್ಗುವುದಿಲ್ಲ. ಮೂರನೆಯ ವರ್ಷದಲ್ಲಿ ಥಟ್ಟನೆ “ಹಣವಿಲ್ಲ, ಊರಿಗೆ ಬಾ” ಎಂಬ ಮಾತನ್ನು ಕೇಳಿದವರು ಕುಗ್ಗುವರು.

ಊರಿನ ಅನುಕೂಲಸ್ಥರಿಗೂ ಒಂದು ಮಾತು. ದಾವಣಗೆರೆಯ ದೊಡ್ಡ ಆಸ್ಪತ್ರೆಯು ಚಿಗಟೇರಿಯ ಹೆಸರನ್ನು ಹೊತ್ತಿದೆ, ಅಲ್ಲಿಯ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರಲ್ಲಿ ಒಬ್ಬ ದಾನಿಯ ಔದಾರ್ಯದಿಂದ ಹುಟ್ಟಿ, ಇಂದಿಗೂ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ಅಷ್ಟು ದೊಡ್ಡ ದಾನ ಎಲ್ಲರಿಂದಲೂ ಆಗುವಂತಹುದಲ್ಲ. ಆದರೆ ಜೂನ್ ತಿಂಗಳಲ್ಲಿ ಕಟ್ಟಬೇಕಾದ ಶುಲ್ಕಕ್ಕೂ ಮುಂದಿನ ವರ್ಷ ಬರುವ ವಿದ್ಯಾರ್ಥಿವೇತನಕ್ಕೂ ನಡುವೆ ಬಡ್ಡಿಯಿಲ್ಲದ ಕೈಗಡವಾಗಿ ಇಪ್ಪತ್ತೈದು ಸಾವಿರ ರೂಪಾಯಿಗಳನ್ನು ಕೊಡಬಲ್ಲವರು ಪ್ರತಿ ಊರಿನಲ್ಲಿಯೂ ಹತ್ತು ಮಂದಿ ಸಿಕ್ಕಾರು. ಹಾಗೆ ಕೊಟ್ಟ ಹಣ ಹಿಂದಿರುಗಿ ಬಂದು, ಮರುವರ್ಷ ಮತ್ತೊಂದು ಮಗುವನ್ನು ಕಾಲೇಜಿಗೆ ಕಳುಹಿಸುವುದು.